ಆಮೆನ್ ನಿಲ್ಲಿಸದವಳು

ಗುರುವಾರ ರಾತ್ರಿ... ಹತ್ತು ಗಂಟೆ ದಾಟಿತ್ತು. ದೊಡ್ಡ ಚರ್ಚಿನ ಹಿಂಬಾಗಿಲಿಂದ ಇಬ್ಬರು ಹೆಂಗಸರು ಹೊರಗೆ ಬಂದರು. ಒಬ್ಬಳು ನಮ್ಮ ಚಿಕ್ಕಮ್ಮನ ಮಗಳು, ಇನ್ನೊಬ್ಬಳು ಅವಳ ಅತ್ತಿಗೆ. ಇದು ಆದದ್ದು ಅವರಿಗೇ. ಯಾರೋ ಯಾರಿಗೋ ಹೇಳಿದ್ದು ಕಿವಿಗೆ ಬಿದ್ದು ಬಂದ ಕತೆ ಅಲ್ಲ.

ಚಿಕ್ಕಮ್ಮನ ಮಗಳನ್ನು ಎಲ್ಲರೂ ಕರೆಯುವುದು ಕೆಂಡ ಅಂತ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಹದಿನಾಲ್ಕು ವರ್ಷದಿಂದ ಹಾಸಿಗೆ ಹೊದಿಕೆ, ಡಾಕ್ಟರ ಕೋಟು, ಬ್ಯಾಂಡೇಜು ಬಟ್ಟೆ. ಆದರೆ ಆ ಹೆಸರು ಬಂದದ್ದು ಇಸ್ತ್ರಿಯಿಂದಲ್ಲ, ನಾಲಿಗೆಯಿಂದ.

ಅವರ ಹಿಂದೆ ಬಾಗಿಲು ಮುಚ್ಚಿತು. ಖಟಕ್. ಒಳಗಿಂದ ಚಿಲಕ ಬಿತ್ತು. ಆಮೇಲೆ ಚರ್ಚಿನ ದೀಪಗಳು ಒಂದೊಂದಾಗಿ ಆರಿದವು.

ಅವರು ಇಳಿದುಕೊಂಡಿದ್ದದ್ದು ನರ್ಸುಗಳ ಹಾಸ್ಟೆಲಿನ ಹಳೆಯ ಹಾಲಿನಲ್ಲಿ. ಅಲ್ಲಿಗೆ ಹೋಗಲು ಒಂದೇ ದಾರಿ. ಬಲಕ್ಕೆ ಚರ್ಚಿನ ಗೋಡೆ, ಎಡಕ್ಕೆ ಬಾವಿ. ಕಲ್ಲುಕಟ್ಟೆಯ ಹಳೆಯ ಬಾವಿ. ಮೇಲೆ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ.

ಕಾಲ ಕೆಳಗೆ ಜಲ್ಲಿ... ಚರಕ್, ಚರಕ್.

"ನಿಜ ಹೇಳೇ," ಅತ್ತಿಗೆ ಪಿಸುಗುಟ್ಟಿದಳು. "ನೀನೇ ತಾನೆ?"

"ಅಲ್ಲ."

"ಬಯ್ಯಲ್ಲ ಕಣೇ. ಒಂದ್ಸಲ ಬಾಯಿ ತಪ್ಪಿ..."

"ಅತ್ತಿಗೆ, ನನ್ನ ಬಾಯಿ ತಪ್ಪಿದ್ರೆ ಬೈಗುಳ ಬರ್ತದೆ, ಆಮೆನ್ ಬರಲ್ಲ."

ವಿಷಯ ಇಷ್ಟು. ಆ ಚರ್ಚಿಗೆ ಸ್ವಂತ ಹಾಡಿನ ತಂಡ ಇದೆ. ಅವರು ವರ್ಷಕ್ಕೆ ಒಂದು ತಿಂಗಳು ರಜೆ ಹೋಗುತ್ತಾರೆ. ಆ ತಿಂಗಳಲ್ಲಿ ವಾರಕ್ಕೊಂದು ಹೊರಗಿನ ತಂಡ ಬಂದು ದಿನಾ ಸಂಜೆಯ ಆರಾಧನೆಗೆ, ಭಾನುವಾರ ಬೆಳಗಿನ ದೊಡ್ಡ ಆರಾಧನೆಗೆ ಹಾಡಬೇಕು. ಆ ವಾರ ಬರಬೇಕಿದ್ದ ಯಾವುದೋ ಹೆಸರುವಾಸಿ ತಂಡ ಕೊನೇ ಗಳಿಗೆಯಲ್ಲಿ ಕೈಕೊಟ್ಟಿತು. ಬೇರೆ ಯಾರೂ ಸಿಗದೆ ಆಸ್ಪತ್ರೆ ಲಾಂಡ್ರಿಯವರ ಹಾಡಿನ ತಂಡವನ್ನು ಕರೆದರು. ಹದಿನೇಳು ಜನ. ಒಗೆಯುವವರು, ಹಿಂಡುವವರು, ಇಸ್ತ್ರಿಯವರು. ಹಾಡಿಸುವವನು ಬಾಯ್ಲರ್ ನೋಡಿಕೊಳ್ಳುವ ಮೇಸ್ತ್ರಿ. ಎಲ್ಲರಿಗೂ ಅವನು ಮಾವ.

ಹಾಡು ಚೆನ್ನಾಗಿಯೇ ಆಗುತ್ತಿತ್ತು. ತೊಂದರೆ ಕೊನೆಯಲ್ಲಿ. ಆರಾಧನೆ ಮುಗಿದ ಮೇಲೆ ನಾಲ್ಕು ಧ್ವನಿಯಲ್ಲಿ ಉದ್ದಕ್ಕೆ ಒಂದು ಆಮೆನ್ ಇರುತ್ತದೆ. ಮೇಸ್ತ್ರಿ ಕೈ ಮುಷ್ಟಿ ಕಟ್ಟಿದ ತಕ್ಷಣ ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕು. ಸೋಮವಾರದಿಂದಲೂ ಹದಿನೇಳು ಜನ ಎಲ್ಲರೂ ನಿಲ್ಲಿಸಿದರೂ... ಒಂದು ಧ್ವನಿ ನಿಲ್ಲುತ್ತಿರಲಿಲ್ಲ. ಹೆಂಗಸಿನ ಧ್ವನಿ. 'ಆ' ದಾಟಿ, 'ಮೆ'ಗೆ ಬಂದು, ಅಲ್ಲೇ... ಏ...... ಅಂತ.

ಆ ಚರ್ಚಿನಲ್ಲಿ ಒಬ್ಬ ಅಧಿಕಾರಿ ಇದ್ದ. ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ಬೆಳ್ಳಿ ತುದಿಯ ಕೋಲು ಹಿಡಿದು ನಡೆಯುವುದು ಅವನ ಕೆಲಸ. ಅವನು ನಡೆಯದೆ ಪಾದ್ರಿ ನಡೆಯುವಂತಿಲ್ಲ, ಬಿಷಪ್ಪರೂ ನಡೆಯುವಂತಿಲ್ಲ. ಲಾಂಡ್ರಿಯವರು ಬಂದ ದಿನವೇ ಅವನಿಗೆ ಕೋಲಿನ ಸಾಹೇಬ ಅಂತ ಹೆಸರಿಟ್ಟರು. ಅವನೂ ಇವರಿಗೆ ಏನಾದರೂ ಇಟ್ಟಿದ್ದಿರಬೇಕು, ಮೂಗು ಹಾಗೆ ಮುರಿಯುತ್ತಿದ್ದ.

ಗುರುವಾರ ಸಂಜೆ ಆ ಕೋಲನ್ನು ಎತ್ತಿ ಕೆಂಡನ ಎದೆಗೆ ನೇರ ಹಿಡಿದ.

"ಹಿಂದಿನ ಸಾಲು. ಎಡತುದಿ. ಇವಳೇ."

ಅದಕ್ಕೇ ಇಷ್ಟು ಹೊತ್ತಾದದ್ದು. ಒಂದೂವರೆ ಗಂಟೆ ನಿಲ್ಲಿಸಿಕೊಂಡು ಶಿಸ್ತಿನ ಬಗ್ಗೆ ಪಾಠ.

"ಮಾರ್ದನಿ ಇರಬೇಕು ಕಣೇ," ಈಗ ಅತ್ತಿಗೆಯೇ ಸಮಾಧಾನ ಹೇಳತೊಡಗಿದಳು. "ಅಷ್ಟೆತ್ತರದ ಚಾವಣಿ. ಮಾವನೇ ಹೇಳ್ಲಿಲ್ವಾ, ಇಲ್ಲಿ ಏನು ಹಾಡಿದ್ರೂ ಏಳು ಎಣಿಸೋವರೆಗೂ ಗಾಳೀಲಿ ಇರ್ತದೆ ಅಂತ..."

ಕೆಂಡ ಅವಳ ಕೈ ಹಿಡಿದಳು. ಗಟ್ಟಿಯಾಗಿ.

"ಏನೇ?"

"ಶ್..."

ಬಾವಿಯ ಪಕ್ಕ ನಿಂತಿದ್ದರು. ಜಲ್ಲಿ ಸದ್ದು ನಿಂತಿತು. ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. ಟಪ್... ಟಪ್...

ಆಮೇಲೆ ಕೇಳಿತು. ಸಣ್ಣಗೆ, ಒಂದೇ ಸಮನೆ.

ಏ.........

ಅತ್ತಿಗೆ ಬಾವಿ ಕಡೆ ನೋಡಿದಳು. ಬಾವಿಯಿಂದ ಅಲ್ಲ. ಬೀಗ ಹಾಕಿದ, ದೀಪ ಆರಿದ ಚರ್ಚಿನ ಒಳಗಿಂದ. ಗೋಡೆಯ ಆ ಕಡೆಯಿಂದ, ಆಳೆತ್ತರದಿಂದ. ಯಾರೋ ಗೋಡೆಗೆ ಮುಖ ಮಾಡಿ ನಿಂತ ಹಾಗೆ.

ಕೆಂಡ ಬೆರಳು ಮಡಚುತ್ತಿದ್ದಳು. ನಾಲ್ಕು... ಐದು... ಆರು... ಏಳು... ಎಂಟು... ಒಂಬತ್ತು...

ಧ್ವನಿ ನಿಂತಿತು. ಗಂಟಲಲ್ಲಿ ಸಿಕ್ಕಿಕೊಂಡ ಹಾಗೊಂದು 'ಹ್ಹ್'. ಆಳಕ್ಕೆ ಎಳೆದುಕೊಂಡ ಉಸಿರು. ಮತ್ತೆ... ಏ.........

"ಅತ್ತಿಗೆ," ಕೆಂಡ ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು. "ಮಾರ್ದನಿ ಉಸಿರು ತಗೊಳ್ತದಾ?"

ಅತ್ತಿಗೆ ಎಡಗಾಲಿನ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಚಪ್ಪಲಿ ಎತ್ತಿಕೊಂಡು ಹಿಂದಿಂದ ನಿಧಾನವಾಗಿ ನಡೆದು ಬಂದವಳು ಕೆಂಡ. ಅವಳಿಗೆ ಹೆದರಿಕೆ ಆಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಓಡಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಅನ್ನಿಸಿತಂತೆ. ಯಾರ ಮುಂದೆ ಅಂತ ಕೇಳಬೇಡಿ. ಅವಳ ಬುದ್ಧಿಯೇ ಹಾಗೆ.

ಶುಕ್ರವಾರ ಸಂಜೆ ಅವಳು ಒಂದು ಕೆಲಸ ಮಾಡಿದಳು. ಕೊನೆಯ ಆಮೆನ್ ಶುರುವಾಗುವ ಮುಂಚೆ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಬಾಯಿಗೆ ತುರುಕಿಕೊಂಡಳು. ಪಕ್ಕದಲ್ಲಿದ್ದ ಅತ್ತಿಗೆ ನೋಡಿ ಕಣ್ಣರಳಿಸಿದಳು. ಎದುರಿಗಿದ್ದ ಮೇಸ್ತ್ರಿಯೂ ನೋಡಿದ. ಕೈ ಒಂದು ಕ್ಷಣ ತಡವರಿಸಿತು, ಆದರೂ ಹಾಡಿಸಿದ.

ಆಮೆನ್ ಎದ್ದಿತು. ಮೇಸ್ತ್ರಿ ಮುಷ್ಟಿ ಕಟ್ಟಿದ. ಹದಿನಾರು ಬಾಯಿ ಮುಚ್ಚಿದವು. ಹದಿನೇಳನೆಯದರಲ್ಲಿ ಬಟ್ಟೆ.

ಏ.........

ಕೆಂಡನ ಎಡಗಡೆಯಿಂದ ಬಂತು. ಎಡಗಡೆ ಯಾರೂ ಇಲ್ಲ. ಅವಳೇ ಕೊನೆಯವಳು. ಆಚೆ ಒಂದು ಕಂಬ, ಕಂಬದಾಚೆ ಪಕ್ಕದ ಬಾಗಿಲು. ಅಷ್ಟು ಹತ್ತಿರದಿಂದ ಕೇಳಿದಾಗ ಗೊತ್ತಾಯಿತು, ದೊಡ್ಡ ಸಂಗೀತಗಾರ್ತಿಯ ಧ್ವನಿಯೇನಲ್ಲ. ಒರಟು ಗಂಟಲು, ಶ್ರುತಿ ಕೂದಲೆಳೆಯಷ್ಟು ಇಳಿದಿದೆ. ಕೆಲಸ ಮಾಡುತ್ತ ಹಾಡಿ ಹಾಡಿ ಪಳಗಿದ ಗಂಟಲು. ಇಸ್ತ್ರಿ ಮನೆಯಲ್ಲಿ ಅಂಥವು ಹತ್ತಿವೆ.

ಆರಾಧನೆ ಮುಗಿದು ಜನ ಹೋದ ಮೇಲೆ ಸಾಹೇಬ ಬಿರಬಿರನೆ ಬಂದ.

"ಮತ್ತೆ ಇವಳೇ! ಕಣ್ಣಾರೆ ಕಂಡೆ."

ಕೆಂಡ ಬಾಯಿಂದ ಕರವಸ್ತ್ರ ಎಳೆದು ತೆಗೆದಳು. ಅದು ಬಂತು, ಬಂತು, ಬರುತ್ತಲೇ ಇತ್ತು. ಎಂಜಲಲ್ಲಿ ತೊಯ್ದ ಮೊಳದುದ್ದದ ಬಟ್ಟೆ. ಹಿಂದಿಂದ ಯಾರೋ ಕಿಸಕ್ಕೆಂದರು.

"ಇದನ್ನಿಟ್ಕೊಂಡು ಹಾಡೋದು ಹೇಗೆ ಅಂತ ತಾವೇ ತೋರಿಸಿಕೊಡಿ ಸಾಹೇಬರೇ. ಬಟ್ಟೆ ನಾನು ಕೊಡ್ತೀನಿ."

ಸಾಹೇಬನ ಮುಖ ಹುಳ್ಳಗಾಯಿತು. ಆದರೆ ಆಶ್ಚರ್ಯ ಆಗಲಿಲ್ಲ. ಅದನ್ನು ಕೆಂಡ ಗಮನಿಸಿದಳು. ಬಟ್ಟೆ ನೋಡಿ ಬೇರೆ ಯಾರಾದರೂ ಆಗಿದ್ದರೆ, ಹಾಗಾದರೆ ಹಾಡಿದ್ದು ಯಾರು ಅಂತ ಕೇಳುತ್ತಿದ್ದರು. ಅವನು ಕೇಳಲಿಲ್ಲ.

ಮೇಸ್ತ್ರಿ ಕಡೆ ತಿರುಗಿ ಅಂದ, "ಭಾನುವಾರ ಬಿಷಪ್ಪರು ಬರ್ತಾರೆ. ಇವಳನ್ನ ಬಿಟ್ಟು ಹಾಡಿ. ಇಲ್ಲವಾದರೆ ಗಂಟುಮೂಟೆ ಕಟ್ಟಿ."

ನೋಡಿ, ಹದಿನೇಳು ಜನ ಇಂಥ ಒಂದು ದಿನಕ್ಕಾಗಿ ಹನ್ನೊಂದು ವರ್ಷ ಹಾಡಿದ್ದರು. ಬಟ್ಟೆ ಒಗೆಯುವ ಸದ್ದಿನ ನಡುವೆ, ಹಬೆಯ ನಡುವೆ. ಕೆಂಡ ಅಂತೂ ಒಂದು ದಿನ ತಪ್ಪಿಸಿದವಳಲ್ಲ. ಅವಳಿಗೆ ಮಕ್ಕಳಿಲ್ಲ, ಗಂಡ ತೀರಿಹೋಗಿದ್ದ. ಇದ್ದದ್ದು ಹಿಂದಿನ ಸಾಲಿನ ಆ ಒಂದು ಜಾಗ. ಅದನ್ನು ಕೋಲು ತೋರಿಸಿ ಕಿತ್ತುಕೊಳ್ಳುತ್ತಿದ್ದರು. ಮೇಸ್ತ್ರಿ ಆಗಲ್ಲ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ.

ಆ ರಾತ್ರಿ ಕೆಂಡನಿಗೆ ಕಣ್ಣು ಹತ್ತಲಿಲ್ಲ.

ಶನಿವಾರ ಬೆಳಿಗ್ಗೆ ಒಬ್ಬಳೇ ಚರ್ಚಿಗೆ ಹೋದಳು. ಕಂಬದಾಚೆ ಏನಿದೆ ನೋಡಬೇಕಿತ್ತು. ಗೋಡೆ ತುಂಬ ಅಮೃತಶಿಲೆಯ ಹಲಗೆಗಳು. ಕಟ್ಟಿಸಿದವರ ಹೆಸರು, ದಾನ ಕೊಟ್ಟವರ ಹೆಸರು, ಆರ್ಗನ್ ನುಡಿಸಿದವರ ಹೆಸರು, ಅವರ ನಾಯಿಗಳದ್ದು ಒಂದು ಬಾಕಿ. ಕಲ್ಲು ಹೊತ್ತವರದ್ದು ಹುಡುಕಿದರೂ ಸಿಗಲಿಲ್ಲ.

ಪಚಕ್... ಒದ್ದೆ ಬಟ್ಟೆ ಹಿಂಡಿದ ಸದ್ದು. ಠಣ್... ಬಕೆಟ್ಟಿನ ಹಿಡಿ ಬಿದ್ದ ಸದ್ದು.

ಪಕ್ಕದ ಬಾಗಿಲ ಹತ್ತಿರ ಒಬ್ಬ ಅಜ್ಜಿ ಮಂಡಿಯೂರಿ ನೆಲ ಒರೆಸುತ್ತಿತ್ತು. ತಲೆ ಎತ್ತದೆಯೇ ಕೇಳಿತು.

"ಈ ಸಲದವಳು ನೀನಾ?"

"ಅಂದ್ರೆ?"

"ಬಂದ ಪ್ರತಿ ತಂಡದಲ್ಲೂ ಒಬ್ಬಳು ಸಿಕ್ಕಿಬೀಳ್ತಾಳೆ. ಹಿಂದಿನ ಸಾಲು, ಎಡತುದಿ. ಹೋದ ವಾರದವಳು ಅತ್ಕೊಂಡು ಹೋದಳು, ಪಾಪ. ಸಣ್ಣ ಹುಡುಗಿ."

ಕೆಂಡ ಅಜ್ಜಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. "ಅಜ್ಜಿ, ಇಲ್ಲಿನ ತಂಡದವರು ಹಾಡುವಾಗ ಈ ಧ್ವನಿ ಬರಲ್ವಾ?"

"ಅವರು ಕೊನೇ ಆಮೆನ್ ಹಾಡೋದೇ ಇಲ್ಲ. ಆರ್ಗನ್ ಒಂದೇ ನುಡಿಸ್ತದೆ. ನಲವತ್ತು ವರ್ಷದಿಂದ ಇಲ್ಲಿ ಹಾಗೇ ನಡ್ಕೊಂಡು ಬಂದಿದೆ."

"ಮತ್ತೆ ನಮಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ, ಯಾಕೆ ಅಂತ ಕೇಳ್ತೀರಲ್ಲ." ಅಜ್ಜಿ ಬಟ್ಟೆ ಮತ್ತೆ ಹಿಂಡಿತು. ಪಚಕ್. "ಅದಕ್ಕಿಂತ ಯಾರನ್ನಾದ್ರೂ ಒಬ್ಬಳನ್ನ ಹೊರಗೆ ಹಾಕೋದು ಸುಲಭ."

ಕೆಂಡ ಪಿಸುಮಾತಲ್ಲಿ ಕೇಳಿದಳು.

"ಯಾರಜ್ಜಿ ಅವಳು?"

ಅಜ್ಜಿ ಬಾಗಿಲ ಹೊಸ್ತಿಲು ನೋಡಿತು.

"ನನ್ನಕ್ಕ."

ಹೊರಗೆ ಪಾರಿವಾಳ ರೆಕ್ಕೆ ಬಡಿಯಿತು. ಅಜ್ಜಿ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿತು.

"ಇಬ್ಬರೂ ಇದೇ ನೆಲ ಒರೆಸ್ತಿದ್ವಿ. ಅವಳಿಗೆ ಹಾಡಂದ್ರೆ ಪ್ರಾಣ. ತಂಡಕ್ಕೆ ಸೇರಿಸ್ಕೊಳ್ಳಿ ಅಂತ ಕೇಳಿದ್ಲು. ನಕ್ಕರು. ಸರಿ, ಇವಳು ಒದ್ದೆ ಬಟ್ಟೆ ಕೈಯಲ್ಲೇ ಹಿಡ್ಕೊಂಡು ಈ ಬಾಗಿಲಲ್ಲಿ ನಿಂತು ಕೊನೇ ಆಮೆನ್ ಮಾತ್ರ ಹಾಡೋಳು. ದಿನಾ. ಬೇಡ ಅಂದ್ರು, ಬಿಡಲಿಲ್ಲ. ಎರಡು ಸಲ ಹೇಳಿದ್ರು, ಮೂರನೇ ಸಲ ಒಂದು ದೊಡ್ಡ ಭಾನುವಾರ... ಇಬ್ಬರು ಬಂದು ಹಾಡ್ತಿದ್ದವಳ ಬಾಯಿ ಮುಚ್ಚಿ ಎಳ್ಕೊಂಡು ಹೋದ್ರು. ಅರ್ಧ ಹಾಡಿದ್ದಳು."

"ಆಮೇಲೆ?"

"ಆಮೇಲೇನು... ಬಾವಿಗೆ ಜಾಲರಿ ಹಾಕಿಸಿದ್ರು."

ಕೆಂಡ ಬಾವಿಯ ಕಡೆ ತಿರುಗಿದಳು.

"ಅವರೇ ನೂಕಿದ್ರಾ ಅಜ್ಜಿ? ಇವಳೇ...?"

"ಯಾರೂ ಕೇಳಲಿಲ್ಲ ಮಗಳೇ. ಇವತ್ತಿನವರೆಗೆ. ನೀನೇ ಮೊದಲು."

"ಇಷ್ಟಾದ್ಮೇಲೂ ನೀವು ಇಲ್ಲೇ ಇದ್ದೀರಲ್ಲ!"

ಅಜ್ಜಿ ಬಕೆಟ್ಟು ಎತ್ತಿಕೊಂಡಿತು. "ಅವಳೊಬ್ಬಳನ್ನೇ ಬಿಟ್ಟು ಎಲ್ಲಿಗೆ ಹೋಗಲಿ?"

ಕೆಂಡ ಹಾಲಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೆಲವರು ಶಿಲುಬೆ ಗುರುತು ಹಾಕಿಕೊಂಡರು. ಒಬ್ಬಳು ಈಗಲೇ ಊರಿಗೆ ಹೊರಡುತ್ತೇನೆ ಅಂತ ಚೀಲ ಕೆಳಗಿಳಿಸಿದಳು. ಮೇಸ್ತ್ರಿ ಗಲ್ಲ ಕೆರೆದುಕೊಂಡು ಯೋಚಿಸಿ ಒಂದು ದಾರಿ ಹೇಳಿದ.

"ಇಲ್ಲಿನವರು ಮಾಡಿದ ಹಾಗೇ ಮಾಡಿಬಿಡೋಣ. ಕೊನೇ ಆಮೆನ್ ಬೇಡ. ಧ್ವನಿಯೂ ಬರಲ್ಲ, ಕೆಂಡನೂ ಇರ್ತಾಳೆ, ಸಾಹೇಬನ ಬಾಯಿಗೂ ಬೀಗ. ಇವತ್ತು ಸಂಜೆ ನೋಡೋಣ."

ಕೆಂಡನಿಗೆ ಮನಸ್ಸಿರಲಿಲ್ಲ. ಆದರೆ ಮಾವ ಅವಳ ಜಾಗ ಉಳಿಸಲು ಹೆಣಗಾಡುತ್ತಿದ್ದ. ತುಟಿ ಪಿಟಕ್ಕೆನ್ನದೆ ಒಪ್ಪಿದಳು.

ಸಂಜೆ ಹಾಗೇ ಮಾಡಿದರು. ಪಾದ್ರಿ ಆಶೀರ್ವಾದ ಹೇಳಿದರು. ಹದಿನೇಳು ಜನ ಬಾಯಿ ಮುಚ್ಚಿ ನಿಂತರು. ಆರ್ಗನ್ ಒಂದೇ ನುಡಿಸಿತು. ಸಾಹೇಬ ಕೋಲಿನ ಬೆಳ್ಳಿ ತುದಿ ಸವರುತ್ತ ಮೊದಲನೇ ಸಲ ಮುಗುಳ್ನಕ್ಕ.

ಆರ್ಗನ್ನಿನ ಮೊದಲ ಸ್ವರ ಬಿದ್ದಾಗ ಕೆಂಡನ ಎಡಗಡೆ... ಒಂದು ಉಸಿರು. ಹಾಡಲು ಹೊರಟವರು ಎದೆ ತುಂಬ ಎಳೆದುಕೊಳ್ಳುತ್ತಾರಲ್ಲ, ಆ ಉಸಿರು.

ಅಷ್ಟೇ.

ಹಾಡು ಬರಲಿಲ್ಲ. ಎಳೆದುಕೊಂಡ ಉಸಿರು ಹೊರಗೆ ಬಿಟ್ಟದ್ದೂ ಕೇಳಲಿಲ್ಲ. ಆರ್ಗನ್ ಮುಗಿಯುವ ತನಕ ಯಾರೋ ಪಕ್ಕದಲ್ಲಿ ಉಸಿರು ಹಿಡಿದು ಕಾಯುತ್ತಿದ್ದರು. ಇವರು ಶುರು ಮಾಡುತ್ತಾರೆ ಅಂತ.

ಅತ್ತಿಗೆಗೂ ಕೇಳಿತ್ತು. ಮುಂದಿನ ಸಾಲಿನವರಿಗೂ ಕೇಳಿತ್ತು. ಮೇಸ್ತ್ರಿಗೂ. ಆ ರಾತ್ರಿ ಹಾಲಿನಲ್ಲಿ ಯಾರೂ ಊಟ ಸರಿಯಾಗಿ ಮಾಡಲಿಲ್ಲ. ಚೀಲ ಇಳಿಸಿದವಳೇ ಮೊದಲು ಬಾಯಿ ಬಿಟ್ಟಳು.

"ನಾವೂ ಅವಳ ಬಾಯಿ ಮುಚ್ಚಿದ ಹಾಗಾಯ್ತು."

ಕೆಂಡ ಎದ್ದು ನಿಂತಳು.

"ನಾಳೆ ಆಮೆನ್ ಹಾಡೋಣ. ನಾನೂ ಇರ್ತೀನಿ. ಮತ್ತೆ... ಅವಳು ನಿಲ್ಲಿಸೋವರೆಗೂ ನಾವೂ ನಿಲ್ಲಿಸೋದು ಬೇಡ."

"ಹುಚ್ಚಿ," ಮೇಸ್ತ್ರಿ ಅಂದ. "ಮುಷ್ಟಿ ಕಟ್ಟೋನು ನಾನು ಕಣೇ. ನಾನು ಕಟ್ಟಿದ್ಮೇಲೂ ಹಾಡಿದ್ರೆ ನನ್ನ ಮರ್ಯಾದೆ ಏನು?"

"ಹಾಗಾದ್ರೆ ಕಟ್ಟಬೇಡಿ ಮಾವ."

ಮೇಸ್ತ್ರಿ ತನ್ನ ಕೈ ನೋಡಿಕೊಂಡ. ಬಾಯ್ಲರಿನ ಬೂದಿ ಉಗುರಲ್ಲಿ ಸೇರಿಹೋದ ಕೈ.

"ಎಷ್ಟು ಹೊತ್ತು ಅಂತ ಹಿಡಿಯೋದು? ಶ್ವಾಸಕೋಶ ಏನು ಬಾಯ್ಲರಾ?"

"ನಮ್ಮ ಹತ್ರ ಸರದಿ ಉಸಿರು ಇದೆಯಲ್ಲ," ಅಂದಳು ಅತ್ತಿಗೆ. ಗುರುವಾರ ಚಪ್ಪಲಿ ಬಿಟ್ಟು ಓಡಿದವಳು, ಅದೇ ಅತ್ತಿಗೆ!

ಸರದಿ ಉಸಿರು ಅಂದರೆ ಇದು. ಇಸ್ತ್ರಿ ಮನೆಯಲ್ಲಿ ಹಬೆ ಯಂತ್ರ ಸ್ಸ್ಸ್ ಅಂತ ಊದುತ್ತಲೇ ಇರುತ್ತದೆ. ಅದರ ಮೇಲೆ ಸ್ವರ ಕೇಳಬೇಕಾದರೆ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುವಂತಿಲ್ಲ. ಒಬ್ಬಳು ತೆಗೆದುಕೊಳ್ಳುವಾಗ ಪಕ್ಕದವಳು ಹಿಡಿದಿರಬೇಕು. ಅವಳು ತೆಗೆದುಕೊಳ್ಳುವಾಗ ಇವಳು. ಸರಿಯಾಗಿ ಮಾಡಿದರೆ ಹಾಡು ಕಡಿಯುವುದೇ ಇಲ್ಲ. ದೊಡ್ಡ ದೊಡ್ಡ ತಂಡಗಳೂ ಇದನ್ನು ಮಾಡುತ್ತವೆ, ಎರಡು ಸಾಲಿಗೋ ಮೂರು ಸಾಲಿಗೋ. ಲಾಂಡ್ರಿಯವರು ಎಂಟು ಗಂಟೆಯ ಪಾಳಿ ಪೂರ್ತಿ ಮಾಡಿದವರು.

ಭಾನುವಾರ. ಚರ್ಚು ತುಂಬಿ ತುಳುಕುತ್ತಿತ್ತು. ಹೊರಗಿನ ಬಾಗಿಲಲ್ಲಿ ತಂಡ ಸಾಲಾಗಿ ನಿಂತಿತ್ತು. ಕೊನೆಯಲ್ಲಿ ಕೆಂಡ. ಆರ್ಗನ್ ಪ್ರವೇಶದ ಹಾಡು ಶುರು ಮಾಡಿತು.

ಸಾಹೇಬ ಅವಳನ್ನು ನೋಡಿದ. ಬಂದು ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದ.

"ಹೇಳಿರಲಿಲ್ವಾ?"

"ಹೇಳಿದ್ರಿ," ಮೇಸ್ತ್ರಿ ಅಂದ. ಬೆವರುತ್ತಿದ್ದ. ಧ್ವನಿ ಮಾತ್ರ ನಡುಗಲಿಲ್ಲ. "ಹದಿನೇಳು ಜನ ಬಂದಿದ್ದೀವಿ. ಹದಿನೇಳು ಜನ ಒಳಗೆ ಹೋಗ್ತೀವಿ. ಇಲ್ಲಾಂದ್ರೆ ನೀವೇ ಹಾಡ್ಕೊಳ್ಳಿ."

"ನಿಮ್ಮನ್ನ ಮತ್ತೆ ಯಾವತ್ತೂ ಕರೆಯಲ್ಲ."

"ಈ ಸಲವೂ ನೀವೇನು ಪ್ರೀತಿಯಿಂದ ಕರೆದಿರಲಿಲ್ಲ ಬಿಡಿ," ಹಿಂದಿಂದ ಕೆಂಡ.

ಆರ್ಗನ್ ಮೊದಲ ಚರಣ ಮುಗಿಸಿತು. ಒಳಗೆ ಜನ ತಿರುಗಿ ನೋಡತೊಡಗಿದರು. ತಂಡದ ಹಿಂದೆ ನಿಂತಿದ್ದ ಬಿಷಪ್ಪರು ಕೆಮ್ಮಿದರು. ಸಾಹೇಬ ಹಲ್ಲು ಕಡಿದು ಕೋಲು ಇಳಿಸಿದ.

ಆರಾಧನೆ ಹೇಗಾಯಿತು ಅಂತ ಕೆಂಡನಿಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಕೊನೆ. ಬಿಷಪ್ಪರ ಆಶೀರ್ವಾದ ಮುಗಿಯಿತು. ಮೆರವಣಿಗೆ ಹೊರಡಿಸಲು ಸಾಹೇಬ ಕೋಲು ಹಿಡಿದು ತಂಡದ ಮುಂದೆ ಬಂದು ನಿಂತ. ಮೇಸ್ತ್ರಿ ಎರಡೂ ಕೈ ಎತ್ತಿದ.

ಎಡಗಡೆ ಉಸಿರು ಕೇಳಿತು. ಈ ಸಲ ಎಲ್ಲರೂ ಅದರ ಜೊತೆಗೇ ಉಸಿರೆಳೆದುಕೊಂಡರು.

ಆಮೆ............

ಮುಷ್ಟಿ ಕಟ್ಟುವ ಹೊತ್ತು ಬಂತು. ಹೋಯಿತು. ಮೇಸ್ತ್ರಿಯ ಕೈ ಮೇಲೇ ಇತ್ತು. ಬೆರಳು ಬಿಡಿಸಿಯೇ ಇತ್ತು.

ಆರ್ಗನ್ ನುಡಿಸುವವನು ತನ್ನ ಪಾಲು ಮುಗಿಸಿ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬರೀ ಗಂಟಲುಗಳು ಉಳಿದವು. ಅತ್ತಿಗೆ ಉಸಿರು ತೆಗೆದುಕೊಂಡಾಗ ಕೆಂಡ ಹಿಡಿದಳು. ಕೆಂಡ ತೆಗೆದುಕೊಂಡಾಗ... ಬಲಗಡೆ ಅತ್ತಿಗೆ ಹಿಡಿದಿದ್ದಳು, ಎಡಗಡೆಯೂ ಹಿಡಿದಿದ್ದರು. ಎಡಗಡೆಯವಳು 'ಹ್ಹ್' ಅಂತ ಸಿಕ್ಕಿಕೊಂಡಾಗ ಹದಿನೇಳು ಜನ ಅವಳ ಕೆಳಗೆ ಹಾಸಿಗೆ ಹಾಸಿದ ಹಾಗೆ ಹಿಡಿದರು. ಅವಳೂ ಸರದಿ ಕಲಿತುಬಿಟ್ಟಿದ್ದಳು.

ಸಾಹೇಬ ಕೋಲನ್ನು ನೆಲಕ್ಕೆ ಕುಟ್ಟಿದ. ಟಕ್. ಯಾರೂ ನಿಲ್ಲಿಸಲಿಲ್ಲ. ಟಕ್, ಟಕ್. ಬಿಷಪ್ಪರು ಹೊರಡಲು ಒಂದು ಕಾಲು ಮುಂದಿಟ್ಟು ಹಾಗೇ ನಿಂತರು. ಕೋಲು ಮುಂದೆ ಹೋಗದೆ ಅವರು ಹೋಗುವಂತಿಲ್ಲ. ಹಾಡು ಮುಗಿಯದೆ ಕೋಲು ಹೋಗುವಂತಿಲ್ಲ. ಅವರ ಕಟ್ಟಳೆಗೇ ಅವರು ಸಿಕ್ಕಿಕೊಂಡರು. ಒಂದು ಸಾವಿರ ಜನ ನಿಂತಲ್ಲೇ ನಿಂತಿದ್ದರು. ಮಗುವೊಂದು ಅಳುತ್ತಿದ್ದದ್ದು ಅಳು ನಿಲ್ಲಿಸಿತು.

ಆಗ ಪಕ್ಕದ ಬಾಗಿಲ ಹತ್ತಿರ ಅಜ್ಜಿ ಎದ್ದು ನಿಂತದ್ದು ಕೆಂಡನಿಗೆ ಕಂಡಿತು. ಕೈಯಲ್ಲಿ ಒದ್ದೆ ಬಟ್ಟೆ. ಬಾಯಿ ತೆರೆಯಿತು. ನಲವತ್ತು ವರ್ಷದಿಂದ ಹಾಡದ ಗಂಟಲು, ಮೊದಲು ಗಾಳಿಯಷ್ಟೇ ಬಂತು. ಆಮೇಲೆ ಸ್ವರ ಹತ್ತಿತು. ಅದೇ ಒರಟು ಧ್ವನಿ, ಅದೇ ಕೂದಲೆಳೆಯಷ್ಟು ಇಳಿದ ಶ್ರುತಿ. ಅಕ್ಕತಂಗಿಯರು!

ಎಷ್ಟು ಹೊತ್ತು ಅಂತ ಯಾರೂ ಗಡಿಯಾರ ನೋಡಲಿಲ್ಲ. ಇದ್ದಕ್ಕಿದ್ದ ಹಾಗೆ ಎಡಗಡೆಯಿಂದ ಸದ್ದು ಬದಲಾಯಿತು. ತುಟಿ ಅಲ್ಲ, ನಾಲಿಗೆ. ಹಲ್ಲಿನ ಹಿಂದೆ ನಾಲಿಗೆ ತಾಗಿದ ಸದ್ದು.

...ನ್.

ಮುಗಿಸಿದಳು. ನಲವತ್ತು ವರ್ಷದ ಮೇಲೆ ಪೂರ್ತಿ ಹಾಡಿ, ತಾನೇ ಮುಗಿಸಿದಳು. ಯಾರೂ ಬಾಯಿ ಮುಚ್ಚಿಸಲಿಲ್ಲ. ಮೇಸ್ತ್ರಿ ಆಗ ಮುಷ್ಟಿ ಕಟ್ಟಿದ.

ಮಾರ್ದನಿ ಚಾವಣಿಯಲ್ಲಿ ಸುತ್ತಿತು. ಏಳು ಎಣಿಸುವಷ್ಟು ಹೊತ್ತು. ಆಮೇಲೆ ಸದ್ದಿಲ್ಲ.

ಇಷ್ಟಕ್ಕೆ ಅವಳಿಗೆ ಶಾಂತಿ ಸಿಕ್ಕಿತು, ಹೊರಟುಹೋದಳು ಅಂತ ನೀವು ಅಂದುಕೊಂಡಿರಬಹುದು. ಅತ್ತಿಗೆಯೂ ಹಾಗೇ ಅಂದುಕೊಂಡು ಕಣ್ಣೊರೆಸಿಕೊಂಡಳಂತೆ. ಸಾಹೇಬ ಬೆವರೊರೆಸಿಕೊಂಡು ಕೋಲು ಎತ್ತಿ ಮೊದಲ ಹೆಜ್ಜೆ ಇಟ್ಟ.

ಎಡಗಡೆ... ಒಂದು ಉಸಿರು.

ಆ.........

ಮೊದಲಿಂದ. ಒಬ್ಬಳೇ, ನಿರಾಳವಾಗಿ. ಹೋಗಲಿಲ್ಲ. ಯಾಕೆ ಹೋಗಬೇಕು? ಅದು ಅವಳು ಒರೆಸಿದ ನೆಲ. ಸಾಹೇಬ ಎತ್ತಿದ ಕಾಲು ಎತ್ತಿದ ಹಾಗೇ ನಿಂತ. ಕೆಂಡ ಜೋರಾಗಿ ನಕ್ಕಳು. ಚರ್ಚಿನ ಒಳಗೆ, ಬಿಷಪ್ಪರ ಮುಂದೆ. ಆ ನಗುವೂ ಏಳು ಎಣಿಸುವ ತನಕ ಗಾಳಿಯಲ್ಲಿತ್ತು.

ಲಾಂಡ್ರಿಯವರನ್ನು ಮತ್ತೆ ಕರೆಯಲಿಲ್ಲ. ಕೆಂಡನ ಜಾಗ ಹಿಂದಿನ ಸಾಲಿನಲ್ಲಿ ಹಾಗೇ ಇದೆ, ಇಸ್ತ್ರಿ ಮನೆಯಲ್ಲಿ ದಿನಾ ಹಾಡುತ್ತಾರೆ. ಇದನ್ನೆಲ್ಲ ಹೇಳಿದಾಗ ನಕ್ಕವರಿದ್ದಾರೆ. ಹದಿನೇಳು ಜನಕ್ಕೂ ಒಟ್ಟಿಗೆ ಕಿವಿ ಕೆಟ್ಟಿತ್ತಾ ಅಂತ ಕೇಳಿದರೆ ಅವರೇ ಮಾತು ಬದಲಿಸುತ್ತಾರೆ. ಕೆಂಡ ಬಯ್ಯುವವಳು, ಜಗಳಗಂಟಿ, ಎಲ್ಲ ನಿಜ. ಸುಳ್ಳು ಹೇಳಿದವಳಲ್ಲ.

ಮಾರನೇ ವರ್ಷ ರಜೆಯ ತಿಂಗಳಲ್ಲಿ ಅವಳು ಒಂದು ಸಂಜೆ ಆ ಚರ್ಚಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ದೂರದಿಂದ ಬಂದಿದ್ದ ಯಾವುದೋ ತಂಡ. ಮುಖಗಳು ಗುರುತಿಲ್ಲ, ಭಾಷೆಯೂ ಬೇರೆ. ಹಿಂದಿನ ಸಾಲಿನ ಎಡತುದಿಯಲ್ಲಿ ಒಬ್ಬ ದಪ್ಪ ಗಂಡಸು ನಿಂತಿದ್ದ. ಅವನಿಗೂ ಕಂಬಕ್ಕೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಬಲಗಡೆಯವರು ಒಬ್ಬರಿಗೊಬ್ಬರು ಭುಜ ತಾಗಿಸಿಕೊಂಡು ಇಕ್ಕಟ್ಟಿನಲ್ಲಿ ನಿಂತಿದ್ದರು. ದಪ್ಪ ಗಂಡಸು ಹಾಡಿನ ಪುಸ್ತಕವನ್ನು ಎಡಕ್ಕೆ ವಾಲಿಸಿ ಹಿಡಿದಿದ್ದ.

ಪುಟ ಮುಗಿದಾಗಲೆಲ್ಲ ಅವನು ಎಡಕ್ಕೆ ಒಂದು ಸಲ ನೋಡಿ, ಸ್ವಲ್ಪ ಕಾದು, ಆಮೇಲೆ ತಿರುಗಿಸುತ್ತಿದ್ದ.